ಇಂದೂ ಮೌಶಿಯ ಕಲ್ಲಪ್ಪಂದಿರು

ಇಂದೂ ಮೌಶಿ ರೆಕ್ಕೆ ಬಿಚ್ಚುತ್ತಿದ್ದದ್ದು ಸೀರೆಯ ಸೆರಗಿನಿಂದ. ಭಾನುವಾರ ಮಧ್ಯಾಹ್ನ, ಅಂಧೇರಿಯ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಅವರ ಮನೆಯಲ್ಲಿ, ಚಾಪೆಯ ಮೇಲೆ ಕೂತ ನಮ್ಮ ಮೂವರ ಮುಂದೆ, ಐವತ್ತು ದಾಟಿದ ಆ ದಪ್ಪ ಹೆಂಗಸು ಸೆರಗನ್ನು ಎರಡೂ ಕೈಯಿಂದ ಅಗಲಿಸಿ, ಕಣ್ಣು ದೊಡ್ಡದು ಮಾಡಿ, "ಕಲ್ಲಪ್ಪ ಎದ್ದಾ!" ಎಂದು ಕೂಗಿದರೆ ಸಾಕು, ನನ್ನ ತಮ್ಮ ಮುಕುಂದ ಹಿಂದಕ್ಕೆ ನೆಗೆದು ಕಪಾಟಿಗೆ ತಲೆ ಹೊಡೆಸಿಕೊಳ್ಳುತ್ತಿದ್ದ. ಕೆಳಗಿನ ಮನೆಯ ಫ್ಲೇವಿಯಾ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ನಾನು ಮಾತ್ರ ಕೊಡಲಿ ಎತ್ತುತ್ತಿದ್ದೆ. ಕೊಡಲಿ ಇದ್ದದ್ದು ಕಾಗದದ ಮೇಲೆ, ಅದು ಬೇರೆ ಮಾತು.

ಮೌಶಿ ಎಂದರೆ ಚಿಕ್ಕಮ್ಮ; ಸಂಬಂಧ ಏನೂ ಇರಲಿಲ್ಲ, ಬಿಲ್ಡಿಂಗಿನ ಮಕ್ಕಳಿಗೆಲ್ಲ ಅವರು ಮೌಶಿ. ಧಾರವಾಡದವರು. ಮದುವೆ ಆಗಿರಲಿಲ್ಲ, ಆಗದೇ ಇದ್ದದ್ದಕ್ಕೆ ಒಂದಿಷ್ಟೂ ಬೇಜಾರಿರಲಿಲ್ಲ. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ಅಲ್ಲಿ ಯಾರೋ ವಿದೇಶದಿಂದ ತಂದುಕೊಟ್ಟ ಒಂದು ದಪ್ಪ ಪುಸ್ತಕದಿಂದ ಶುರುವಾಯಿತು ಈ ಹುಚ್ಚು. ಒಬ್ಬರು ಕತೆ ನಡೆಸಬೇಕು, ಉಳಿದವರು ಆ ಕತೆಯೊಳಗಿನ ವೀರರು, ಮಂತ್ರವಾದಿಗಳು, ಕಳ್ಳರು ಆಗಬೇಕು. ಹೊಡೆತ ಬಿತ್ತೋ ತಪ್ಪಿತೋ ಎಂದು ತೀರ್ಮಾನಿಸಲು ಇಪ್ಪತ್ತು ಮುಖದ ದಾಳ ಬೇಕು. ಎಂಬತ್ತರ ದಶಕದ ಅಂಧೇರಿಯಲ್ಲಿ ಅದೆಲ್ಲಿ ಸಿಗಬೇಕು! ಮೌಶಿ ಹೌಸಿ ಆಟದ ಅಂಕಿ ಬಿಲ್ಲೆಗಳಲ್ಲಿ ಒಂದರಿಂದ ಇಪ್ಪತ್ತರವರೆಗೆ ಆರಿಸಿ, ತಮ್ಮ ಅವ್ವನ ಎಲೆಅಡಿಕೆ ಸಂಚಿಯೊಳಗೆ ಹಾಕಿಟ್ಟರು. ಸಂಚಿ ಕುಲುಕಿ, ಒಂದು ಬಿಲ್ಲೆ ತೆಗೆ. ನಮ್ಮ ವೀರರ ಹಣೆಬರಹವೆಲ್ಲ ಸುಣ್ಣದ ವಾಸನೆ ಹೊಡೆಯುತ್ತಿತ್ತು.

ಆ ಪುಸ್ತಕದಲ್ಲಿ ನೂರೆಂಟು ರಾಕ್ಷಸರಿದ್ದರೂ ಮೌಶಿಗೆ ಪ್ರಾಣ ಎಂದರೆ ಗಾರ್ಗಾಯ್ಲ್. ಕೋಟೆಯ ಗೋಡೆಯಂಚಿನಲ್ಲಿ ಕಲ್ಲಿನ ಗೊಂಬೆಯ ಹಾಗೆ ಕೂತಿರುತ್ತದೆ, ಕೆಳಗೆ ನೀವು ಬಂದಿರೋ, ರೆಕ್ಕೆ ಬಿಚ್ಚಿ ಮೇಲೆ ಎರಗುತ್ತದೆ. ಮಂತ್ರಿಸಿದ ಆಯುಧ ಬಿಟ್ಟರೆ ಬೇರೇನೂ ಅದಕ್ಕೆ ನಾಟುವುದಿಲ್ಲ. "ಗಾರ್ಗಾಯ್ಲ್ ಅನ್ನಾಕ ನಾಲಿಗಿ ಹೊರಳಂಗಿಲ್ಲ. ನಮ್ಮ ಕಡೆ ಕಲ್ಲಪ್ಪ ಅಂತಾರ, ಮುಗೀತು," ಎಂದು ನಾಮಕರಣ ಮಾಡಿಬಿಟ್ಟರು. ಒಂದು ಸಲ ನಮ್ಮನ್ನು ಲೋಕಲ್ ಹತ್ತಿಸಿ ವಿ.ಟಿ.ಗೆ ಕರೆದುಕೊಂಡು ಹೋಗಿ, ಸ್ಟೇಷನ್ನಿನ ಎದುರು ರಸ್ತೆಯಲ್ಲಿ ನಿಲ್ಲಿಸಿ, ಗೋಡೆಯಿಂದ ಕತ್ತು ಚಾಚಿದ ಕಲ್ಲಿನ ಮೃಗಗಳನ್ನು ತೋರಿಸಿದ್ದರು. "ದಿನಾ ಲಕ್ಷ ಮಂದಿ ಇವರ ಕೆಳಗ ಅಡ್ಡಾಡ್ತಾರ, ಒಬ್ಬರೂ ತಲಿ ಎತ್ತಿ ನೋಡಂಗಿಲ್ಲ!" ನಾವು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತದ್ದಕ್ಕೆ ಹತ್ತು ಜನ ಸುತ್ತ ಸೇರಿ, "ಕ್ಯಾ ಹುವಾ, ಕ್ಯಾ ಹುವಾ?" ಎಂದು ತಾವೂ ಮೇಲೆ ನೋಡತೊಡಗಿದರು. ಮೌಶಿಗೆ ಪರಮಾನಂದ.

ಆದರೆ ಆಟದಲ್ಲಿ ದಯೆ ದಾಕ್ಷಿಣ್ಯ ಇಲ್ಲ. ಬಿಲ್ಲೆ ತೆಗೆದು, ಕಣ್ಣಿನ ಹತ್ತಿರ ಹಿಡಿದು ಸಂಖ್ಯೆ ಹೇಳಿದರೆ ಅದೇ ಕೊನೆ. "ನಾ ನೋಡಿದ್ದು ದೇವರು ನೋಡಿದಂಗ," ಎನ್ನುತ್ತಿದ್ದರು. ಮುಕುಂದನ ಮಂತ್ರವಾದಿ ಸತ್ತ ದಿನ ಅವನು ಗೊಳೋ ಎಂದು ಅತ್ತ. ಮೌಶಿ ಅವನ ಕೈಗೆ ಎರಡು ಚಕ್ಕುಲಿ ಕೊಟ್ಟರು, ಮಂತ್ರವಾದಿಯನ್ನು ಮಾತ್ರ ಬದುಕಿಸಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ನನಗೆ ಗಣಿತದಲ್ಲಿ ಮಣ್ಣು ಮುಕ್ಕುವಷ್ಟು ಅಂಕ ಬಂತು. ಅಪ್ಪ ಮೈಸೂರಿನವರು, ಚರಂಡಿ ಇಲಾಖೆಯಲ್ಲಿ ಎಂಜಿನಿಯರು, ನಮ್ಮೊಡನೆ ಆಡುತ್ತಿದ್ದ ಮಾತೇ ಎರಡು: "ಓದಿದ್ಯಾ? ಬರೆದ್ಯಾ?" ಅಂಕಪಟ್ಟಿ ನೋಡಿ ಮೂರನೆಯ ಮಾತು ಬಂತು: "ಆ ದೆವ್ವದಾಟ ಇವತ್ತಿಗೆ ಬಂದ್." ವಾರದ ಆರು ದಿನ ನಾನು ಬದುಕುತ್ತಿದ್ದದ್ದೇ ಆ ಏಳನೆಯ ದಿನಕ್ಕಾಗಿ.

ಮೌಶಿ ನಮ್ಮ ಮನೆಗೇ ಬಂದರು. "ಬಂದ್ ಮಾಡ್ರಿ ಸಾಹೇಬ್ರ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನೋಡದ ಬಂದ್ ಮಾಡಬ್ಯಾಡ್ರಿ. ಒಂದ ಸಲ ಬಂದು ಕುಂಡ್ರಿ." ಅಪ್ಪ ತಪಾಸಣೆಗೆ ಹೊರಟವರಂತೆ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಬಂದು ಚಾಪೆಯ ಅಂಚಿನಲ್ಲಿ ಕೂತರು. ಮೌಶಿ ಅವರನ್ನೂ ಒಬ್ಬ ಖಡ್ಗಧಾರಿ ಮಾಡಿದರು.

"ಕೋಟೆ ಬಾಗಿಲ ಮ್ಯಾಲ ನಾಕು ಕಲ್ಲಪ್ಪ ಕುಂತಾವ. ಮೂರು ಬರೇ ಕಲ್ಲು. ಒಂದಕ್ಕ ಜೀವ ಐತಿ. ಯಾವುದು?"

ನಾವು ಮೂವರೂ ಒಟ್ಟಿಗೆ ಕಿರುಚಾಡಿದೆವು. ಅಪ್ಪ ಕನ್ನಡಕ ಸರಿಮಾಡಿಕೊಂಡು, "ಒಂದ್ನಿಮಿಷ. ಈ ತಾರಸಿ ಮಳೆನೀರು ಎಲ್ಲಿಂದ ಹೊರಗೆ ಬೀಳುತ್ತೆ?" ಎಂದರು.

ಮೌಶಿ ಕಣ್ಣರಳಿಸಿದರು. "ಕಲ್ಲಪ್ಪಗಳ ಬಾಯಿಂದ."

"ಹಾಗಾದ್ರೆ ನಾಲ್ಕರ ಕೆಳಗಿನ ಗೋಡೇನೂ ನೋಡ್ತೀನಿ. ಪಾಚಿ ಎಲ್ಲೆಲ್ಲಿದೆ?"

ಮೌಶಿ ಅಪ್ಪನ ಕಡೆ ಬಾಗಿದರು. "ಮೂರರ ಕೆಳಗ ಹಸರ ಪಾಚಿ ಐತಿ. ಎಡಗಡೆ ತುದೀದರ ಕೆಳಗ ಗ್ವಾಡಿ ಒಣಾ ಒಣಾ."

"ಅದೇ ರಾಕ್ಷಸ!" ಅಪ್ಪ ಮಂಡಿಯ ಮೇಲೆ ಎದ್ದು ನಿಂತರು! "ನೀರೇ ಹರೀದ ಕೊಳವೆ ಯಾಕಿರುತ್ತೆ ಅಲ್ಲಿ? ಕೊಡೇ ನಿನ್ನ ಕೊಡಲಿ!"

ನನ್ನದು ಮಂತ್ರಿಸಿದ ಕೊಡಲಿ. ಕೊಟ್ಟೆ. ಅಪ್ಪನ ಮುಖ ಅಷ್ಟು ಕೆಂಪಾದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅವರು ಸಂಚಿಗೆ ಕೈ ಹಾಕಿದರು: ಐದು. ಹೊಡೆತ ತಪ್ಪಿತು. ಮೌಶಿಯ ಸೆರಗು ಅಗಲವಾಯಿತು, ಕಲ್ಲಪ್ಪ ಎದ್ದ. ಈಗ ಅವನ ಸರದಿ. ಹತ್ತರ ಮೇಲೆ ಬಂದರೆ ಅಪ್ಪ ಸತ್ತಂತೆ, ಅಪ್ಪ ಸತ್ತರೆ ನಮ್ಮ ಭಾನುವಾರಗಳೂ ಸತ್ತಂತೆ. ನಾನು ಮೌಶಿಗೆ ಕಣ್ಣಲ್ಲೇ ದಮ್ಮಯ್ಯ ಎಂದೆ. ಫ್ಲೇವಿಯಾ ಕೈಮುಗಿದಳು. ಮೌಶಿ ಬಿಲ್ಲೆ ತೆಗೆದು ನೋಡಿದರು.

"ಹದಿನೇಳು."

ನಾವು ಅಯ್ಯಯ್ಯೋ ಎಂದು ಬೊಬ್ಬೆ ಹೊಡೆದೆವು. ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಮುಗಿಯಿತು ಎಂದುಕೊಂಡೆ. ಹೊಸಿಲು ದಾಟಲಿದ್ದವರು ತಿರುಗಿ, ಗಂಟಲು ಸರಿಮಾಡಿಕೊಂಡು ಕೇಳಿದರು: "ಮುಂದಿನ ಭಾನುವಾರ ಎಷ್ಟು ಗಂಟೆಗೆ?"

ಆರು ವರ್ಷ ಅಪ್ಪ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಊಟಕ್ಕೆ ಕೂತಾಗ ಕೋಟೆ ಮುತ್ತುವುದು ಹೇಗೆಂದು ನಮ್ಮೊಡನೆ ಜಗಳ ಆಡಿದರು, ನನ್ನ ಪಾಲಿನ ಚಿನ್ನ ಕದ್ದು ಸಿಕ್ಕಿಬಿದ್ದು ನಾಚಿಕೊಂಡರು. ಕೋಟೆಯ ನೆಪದಲ್ಲಿ ಕೋನ, ಎತ್ತರ ಹೇಳಿಕೊಡುತ್ತ ನನ್ನ ಗಣಿತವನ್ನೂ ದಡ ಹತ್ತಿಸಿದರು. ನನಗೆ ಅಪ್ಪ ಸಿಕ್ಕಿದ್ದೇ ಆ ಚಾಪೆಯ ಮೇಲೆ.

ತೊಂಬತ್ತರ ದಶಕದ ಶುರುವಿನಲ್ಲಿ ಮೌಶಿ ನಿವೃತ್ತರಾಗಿ ಧಾರವಾಡದ ತಂಗಿಯ ಮನೆಗೆ ಹೊರಟರು. ಬೀಳ್ಕೊಡಲು ದಾದರ್ ಸ್ಟೇಷನ್ನಿಗೆ ಹೋದವರು ನಾನು, ಅಪ್ಪ. ಅಪ್ಪ ನೀರು ತುಂಬಿಸಿಕೊಂಡು ಬರಲು ನಲ್ಲಿಯ ಕಡೆ ಹೋದಾಗ ಮೌಶಿ ಕಿಟಕಿಯ ಸರಳಿಗೆ ಮುಖ ಒತ್ತಿ ಕರೆದರು.

"ಒಂದ್ ಮಾತ ಹೇಳತೇನಿ, ನಿಮ್ಮಪ್ಪಗ ಹೇಳಬ್ಯಾಡ. ಅವತ್ತ ಹದಿನೇಳು ಬಂದಿದ್ದಿಲ್ಲ. ನಾಕು ಬಂದಿತ್ತು."

ನಾನು ನಲ್ಲಿಯ ಕಡೆ ತಿರುಗಿ ನೋಡಿದೆ; ಅಪ್ಪ ಇನ್ನೂ ಸಾಲಿನಲ್ಲಿದ್ದರು.

"ಅವತ್ತ ಉಳದು ಗೆದ್ದಿದ್ರ ಅವರು 'ಇಷ್ಟೇನಾ' ಅಂತ ಎದ್ದು ಹೋಗ್ತಿದ್ರು, ನಿಂದೂ ಆಟ ಬಂದ್. ಲೆಕ್ಕ ಸರಿ ಮಾಡಿ ಸೋತ ಮನಶ್ಯಾ ಸುಮ್ನ ಕುಂಡ್ರಂಗಿಲ್ಲ, ಬಂದ ಬರತಾನ. ಇಷ್ಟು ವರ್ಷದಾಗ ಅದೊಂದ ಸುಳ್ಳು ಹೇಳೇನಿ, ನಿನ್ನಾಣಿ."

ಅಪ್ಪ ಬಂದು ಬಾಟಲಿ ಕೊಟ್ಟರು, ಗಾಡಿ ಹೊರಟಿತು. ಮತ್ತೆ ನಾನು ಮೌಶಿಯನ್ನು ನೋಡಲಿಲ್ಲ.

ವಾಪಸು ಲೋಕಲ್ ಹತ್ತಿದೆವು. ಬಾಂದ್ರಾ ದಾಟಿದ ಮೇಲೆ ಅಪ್ಪ ಕನ್ನಡಕ ತೆಗೆದು ಒರೆಸುತ್ತ, "ಎಂಥಾ ಹೆಂಗಸು ನೋಡು! ಅವತ್ತು ನೀವೆಲ್ಲ ಅಷ್ಟು ಕಣ್ಸನ್ನೆ ಮಾಡಿದ್ರೂ ಒಂದೇ ಒಂದು ಸುಳ್ಳು ಹೇಳಲಿಲ್ಲ. ಅದಕ್ಕೇ ಕಣೇ ನಾನು ಮತ್ತೆ ಹೋಗಿದ್ದು," ಎಂದರು.

"ಹೌದಪ್ಪಾ," ಎಂದೆ. ನಗುವೋ ಅಳುವೋ ತಿಳಿಯದಂತೆ ಒಟ್ಟಿಗೇ ಬಂತು, ಅಂಧೇರಿ ಬರುವವರೆಗೆ ಕಿಟಕಿಯಿಂದ ಮುಖ ಈಚೆ ತಿರುಗಿಸಲಿಲ್ಲ.