ಭಾಲ್ಕಿಯಿಂದ ತಂದ ರಾಣಿ ಇರುವೆ

ಮುಸರ್ರತ ಎಂದರೆ ಸಂತೋಷ ಎಂದರ್ಥ. ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ, ಆ ಹೆಸರಿನ ಸಿಡುಕಿ ದರ್ಜಿಯನ್ನು ನೋಡಿ, ಇದು ಗೊತ್ತಿದ್ದವರೆಲ್ಲ ನಗುತ್ತಿದ್ದರು, ಅವಳೆದುರಿಗೆ ಮಾತ್ರ ಅಲ್ಲ. ಅವಳು ಹೊಲಿದ ಕುಪ್ಪಸ ಬಿಗಿಯಾಯಿತೆಂದು ಜಗಳಕ್ಕೆ ಬಂದವರು, ದಪ್ಪಗಾದದ್ದು ತಾವೇ ಎಂದು ಒಪ್ಪಿಕೊಂಡು ಮರಳುತ್ತಿದ್ದರು.

ಇಂಥವಳಿಗೆ ಇರುವೆ ಸಾಕುವ ಹುಚ್ಚು ಹತ್ತಿತು. ಗಾಜಿನ ನಳಿಗೆಯೊಳಗೆ ರಾಣಿ ಇರುವೆಯೊಂದು ತನ್ನ ಮೊಟ್ಟೆಗಳನ್ನು ನೆಕ್ಕುತ್ತ ಕೂತ ವಿಡಿಯೊವೊಂದನ್ನು ಯಾರೋ ಫೋನಿಗೆ ಕಳಿಸಿದ್ದರು. ಅದನ್ನು ನೋಡುತ್ತ ನೋಡುತ್ತ ಅವಳು ಕತ್ತರಿ ಕೆಳಗಿಟ್ಟಳು. ಇರುವೆ ಸಾಕುವವರ ವಾಟ್ಸಾಪ್ ಗುಂಪು ಸೇರಿದಳು. ಭಾಲ್ಕಿಯಲ್ಲಿ ಬಣ್ಣದ ಮೀನು ಮಾರುವ ಸುಶೀಲಕುಮಾರ ಇರುವೆಯನ್ನೂ ಮಾರುತ್ತಾನೆಂದು ಅಲ್ಲೇ ತಿಳಿದು, ಹೋಗಿ ರಾಣಿಯೊಂದನ್ನು ತಂದಳು. ಮಿರಿಮಿರಿ ಕಪ್ಪು, ದಪ್ಪ ತಲೆ, ಕಾಳು ತಿನ್ನುವ ಜಾತಿ. ಎಲ್ಲಿ ಹಿಡಿದದ್ದು ಎಂದು ಕೇಳಲು ಅವಳಿಗೆ ಹೊಳೆಯಲೇ ಇಲ್ಲ.

ಗಾಂಧಿ ಗಂಜಿನಲ್ಲಿ ಬೇಳೆಕಾಳಿನ ವ್ಯಾಪಾರ ಮಾಡುವ ತಮ್ಮ ಇರ್ಫಾನ ಹಣೆ ಚಚ್ಚಿಕೊಂಡ. "ಊರ ಮಂದಿ ಇರುವಿಗಿ ಪುಡಿ ಹಾಕ್ತಾರ, ನಮ್ಮ ಆಪಾ ಸಕ್ಕರಿ ನೀರು ಕುಡಸ್ತಾಳ!"

"ನಿನ್ನ ಅಂಗಡಿ ಜ್ವಾಳಾನೂ ಹಾಕೀನಿ. ಹುಳ ಹತ್ತಿತ್ತು, ಇರುವಿ ಸೈತ ಮುಟ್ಟಲಿಲ್ಲ," ಎಂದಳು ಅಕ್ಕ.

ಮರಿಗಳು ಆದವು. ಖುಷಿಯಲ್ಲಿ ಫೋಟೊ ತೆಗೆದು ಗುಂಪಿಗೆ ಹಾಕಿದಳು. ಆ ದಿನವೇ ಔರಾದ ಕಡೆಯ ಠಾಣಾ ಕುಶನೂರದಿಂದ ಗುಂಪಿನ ಐಶ್ವರ್ಯಾ ಫೋನು ಮಾಡಿದಳು. ಕಾಲೇಜು ಓದುವಾಗಿನಿಂದ ಇರುವೆ ಸಾಕುತ್ತ ಬಂದ ಹುಡುಗಿ.

"ಆಪಾ, ಇದು ನಮ್ಮ ಕಡಿ ಇರುವಿ ಅಲ್ರಿ. ಪರದೇಶದ್ದು ಕಾಣ್ತದ. ಜೀವ ಇರೋ ಹುಳ ಹೊರದೇಶದಿಂದ ತರ್ಬೇಕಂದ್ರ ಸರಕಾರದ ಪರವಾನಗಿ ಬೇಕು. ಮಾರಿದವ್ರಿಗಿ ಕೇಳ್ರಿ."

ಕೇಳಿದಳು. ಸುಶೀಲಕುಮಾರ ಫೋನಿನಲ್ಲೇ ನಕ್ಕ. "ಪಾರ್ಸಲ್‌ದಾಗ ಬಂದಾವ್ರಿ ಮೇಡಂ. ಪರವಾನಗಿ ಯಾರು ಕೇಳ್ತಾರ? ನಿಮಗ ಬ್ಯಾಡಾದ್ರ ಹೊಲದಾಗ ಬಿಟ್ಟುಬಿಡ್ರಿ."

ಹೊಲದಾಗ! ಮುಸರ್ರತಳ ಕಿವಿ ಕಾದವು. ಬೀದರದಿಂದ ಔರಾದವರೆಗೆ ಕಣ್ಣು ಹಾಯಿಸಿದಲ್ಲೆಲ್ಲ ತೊಗರಿ, ಸೋಯಾ, ಜೋಳ. ಅದರೊಳಗೆ ಕಾಳು ತಿನ್ನುವ, ಈ ನೆಲದಲ್ಲಿ ಹಿಡಿದು ತಿನ್ನುವ ಶತ್ರುವೇ ಇಲ್ಲದ ಇರುವೆಯನ್ನು ಬಿಡಬೇಕಂತೆ. ಕಸ ಚೆಲ್ಲಿದ ಹಾಗೆ. ನಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಭಾಲ್ಕಿ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳು ದನಿ ತಗ್ಗಿಸಲಿಲ್ಲ. "ಇನ್ನ ಎಷ್ಟು ಅವ ಇಂಥವು? ತೆಗೀರಿ ಹೊರಗ!"

"ಯಾಕ ಒದರ್ತೀರಿ ಮೇಡಂ? ಇರುವಿ ಅದ ಅದು, ಹುಲಿ ಅಲ್ಲ."

"ಹುಲಿ ಆಗಿದ್ರ ಛಲೋ ಇತ್ತು! ಹುಲಿ ತಪ್ಪಿಸ್ಕೊಂಡ್ರ ಊರಿಗೆಲ್ಲ ಗೊತ್ತಾಗ್ತದ. ಇದು ತಪ್ಪಿಸ್ಕೊಂಡ್ರ ಯಾರಿಗಿ ಗೊತ್ತಾಗ್ತದ? ಬಿತ್ತಿದ ಬೀಜ ಹೋದ ಮ್ಯಾಲ ಗೊತ್ತಾಗ್ತದ!"

ಮೀನಿಗೆ ಕೈ ತೋರಿಸುತ್ತಿದ್ದ ಮುದುಕರೊಬ್ಬರು ತಿರುಗಿ, "ಏನದ ತಮ್ಮಾ ಅದು? ನಮ್ಮ ಹೊಲಾ ಇಲ್ಲೇ ಅದ," ಎಂದರು. ಸುಶೀಲಕುಮಾರನ ಮುಖ ಸಪ್ಪಗಾಯಿತು. ತೊಟ್ಟಿಗಳ ಹಿಂದಿನಿಂದ ಉಳಿದ ನಳಿಗೆಗಳನ್ನೂ ತಂದಿಟ್ಟ.

ಇವನ್ನು ಎಲ್ಲೂ ಬಿಡುವಂತಿಲ್ಲ, ಮಂಜುಗಟ್ಟುವ ಚಳಿಯಲ್ಲಿಟ್ಟರೆ ನಿದ್ದೆಯಲ್ಲೇ ಸಾಯುತ್ತವೆ ಎಂದು ಐಶ್ವರ್ಯಾ ಹೇಳಿದ್ದಳು. ಅಂಗಡಿಯಲ್ಲೇ ಮೀನಿನ ಆಹಾರ ಇಡುವ ಫ್ರೀಜರಿನಲ್ಲಿ ಮುಸರ್ರತ ಎಲ್ಲವನ್ನೂ ಇಟ್ಟಳು. ತನ್ನದನ್ನು ಕೊನೆಗೆ. ರಾಣಿ ಆಗಲೂ ಮೊಟ್ಟೆಗಳನ್ನು ಒತ್ತಟ್ಟಿಗೆ ಒಯ್ಯುತ್ತಿತ್ತು. ಎಲ್ಲ ನಿಶ್ಚಲವಾಗುವ ತನಕ ಅವಳು ಸ್ಟೂಲಿನ ಮೇಲಿಂದ ಏಳಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವನ ಮೇಲೆ ಬಂದಷ್ಟೇ, ಕೇಳದೆ ಕೊಂಡುಕೊಂಡ ತನ್ನ ಮೇಲೂ.

"ಗೊತ್ತಿರಲಿಲ್ರಿ, ಖರೇನ," ಎಂದ ಅವನು.

"ಗೊತ್ತು ಮಾಡ್ಕೊಳ್ಳಿಲ್ಲ ಅನ್ರಿ," ಎಂದು ಎದ್ದು ಬಂದಳು. ಕೃಷಿ ಇಲಾಖೆಗೆ ದೂರು ಕೊಟ್ಟಳು. ಗುಂಪಿನವರು ಅವನನ್ನು ಹೊರಹಾಕಿದರು.

ಮುಂಗಾರಿನ ಮೊದಲ ಮಳೆಗೆ ರಾಣಿ ಇರುವೆಗಳು ಗೂಡಿನಿಂದ ಹಾರಿ ಹೊರಬಿದ್ದ ಮೇಲೆ, ತಾನು ಹಿಡಿದ ಒಂದನ್ನು ಕೊಡುತ್ತೇನೆಂದು ಐಶ್ವರ್ಯಾ ಮತ್ತೆ ಫೋನು ಮಾಡಿದಳು. ಮುಸರ್ರತ ಠಾಣಾ ಕುಶನೂರಕ್ಕೆ ಹೋದಳು. ಆದರೆ ನಳಿಗೆ ಕೈಗೆ ತೆಗೆದುಕೊಳ್ಳುವ ಮೊದಲೇ ಪೊಲೀಸರ ಹಾಗೆ ಪ್ರಶ್ನೆ ಶುರುಮಾಡಿದಳು. ಯಾವ ಜಾತಿ? ಎಲ್ಲಿ ಸಿಕ್ಕಿತು? ರಾಣಿಯೇ ಹೌದೇ? ಮೊಟ್ಟೆ ಇಟ್ಟಿದೆಯೇ?

ಐಶ್ವರ್ಯಾ ನಗುತ್ತ ತನ್ನ ಬಾವಿಯ ದಂಡೆಯ ಫೋಟೊ ತೋರಿಸಿದಳು. "ಇಲ್ಲೇ ಹಿಡದೀನ್ರಿ ಆಪಾ. ಇದು ಇದೇ ಮಣ್ಣಿಂದು. ನೀವು ಹಿಂಗ ಕೇಳಿದ್ದು ಛಲೋ ಆಯ್ತು. ಕೇಳದವ್ರಿಗಿ ನಾ ಕೊಡಂಗಿಲ್ಲ."

ಈಗ ಗುಂಪಿಗೆ ಹೊಸದಾಗಿ ಬಂದವರು ಮೊದಲು ಮುಸರ್ರತಳ ಬಾಯಿಗೆ ಬೀಳುತ್ತಾರೆ. ಮೊನ್ನೆ ಬಗದಲ್‌ನಿಂದ ಒಬ್ಬ ಫೋನು ಮಾಡಿ, "ಫಾರಿನ್ ಇರುವಿ ಎಲ್ಲಿ ಸಿಗ್ತಾವ್ರಿ?" ಎಂದ.

"ನಿಮ್ಮ ಮನಿ ಎಲ್ಲಿ ಬರ್ತದ ಹೇಳ್ರಿ," ಎಂದಳು. "ನಾನೇ ಬರ್ತೇನಿ."

ಅವನು ಫೋನಿಟ್ಟ.