ತರಗೆಲೆ ಮುಚ್ಚಿದ ಲದ್ದಿ

ನಾನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ವಸ್ತಾರೆ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಮೇಸ್ತ್ರಿ. ಆಳು ಕರೆಸುವುದು, ಕೆಲಸ ಹಂಚುವುದು ನನ್ನ ಪಾಲು. ತಂಗಿ ಊರಿನಲ್ಲೇ ಬಟ್ಟೆ ಹೊಲಿಯುತ್ತಾಳೆ. ಆನೆ ಎಲ್ಲಿದೆ ಎಂದು ಬೆಳಿಗ್ಗೆ ನೋಡಿ ಜನರಿಗೆ ತಿಳಿಸುವ ಸ್ವಯಂಸೇವಕರ ಗುಂಪಿಗೆ ಅವಳು ಸೇರಿದ್ದಳು. ಸಂಬಳವಿಲ್ಲ. ಹೊಲಿಗೆಗೆ ಕೂರುವ ಮೊದಲು ನಮ್ಮ ತೋಟದ ದಾರಿಗಳಲ್ಲಿ ಹೆಜ್ಜೆ, ಲದ್ದಿ, ಆನೆ ತಿನ್ನಲು ಮುರಿದ ಬೈನೆ ಮರ ಹುಡುಕಿ, ಮೊಬೈಲಿನಲ್ಲಿ ಮಾತಾಡಿ ಗುಂಪಿಗೆ ಕಳಿಸುತ್ತಿದ್ದಳು. ಅವಳು ಆನೆ ಇದೆ ಅಂದರೆ ಆ ದಿನ ಆಳುಗಳು ಜೀಪು ಹತ್ತುತ್ತಿರಲಿಲ್ಲ.

"ಸಾವ್ಕಾರ್ರಿಗಿಂತ ನಿನ್ ಮಾತೇ ನಡೀತದಲ್ಲ ಮಾರಾಯ್ತಿ" ಎಂದು ರೇಗಿಸುತ್ತಿದ್ದೆ.

ಹೋದ ವರ್ಷ ಕುಯ್ಲಿನಲ್ಲಿ ಕಾಫಿ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿತ್ತು. ಆನೆಯ ಸುದ್ದಿಯಿಂದ ಹಲವು ದಿನ ಕೆಲಸ ನಿಂತಿತ್ತು. ತೋಟದ ಸಾಹುಕಾರರು ಬಯ್ಯಲಿಲ್ಲ, ನನ್ನೊಡನೆ ಮಾತು ಬಿಟ್ಟರು. ಅದು ಬೈಗುಳಕ್ಕಿಂತ ಕಷ್ಟ. ಒಂದು ಬೆಳಿಗ್ಗೆ ತಂಗಿಗಿಂತ ಮೊದಲೇ ಕೆರೆ ಪಕ್ಕದ ದಾರಿಗೆ ಹೋದೆ. ಲದ್ದಿ ಬಿದ್ದಿತ್ತು. ಆನೆ ದಾಟಿ ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಅದನ್ನು ಗಿಡದ ಬುಡಕ್ಕೆ ಎಳೆದು ತರಗೆಲೆ ಮುಚ್ಚಿದೆ. ಹೆಜ್ಜೆ ಗುರುತನ್ನೂ ಕಾಲಿನಿಂದ ಅಳಿಸಿದೆ. ಆಮೇಲೆ ಬಂದ ತಂಗಿ ಬಗ್ಗಿ ಬಗ್ಗಿ ನೋಡಿದಳು. ಏನೂ ಕಾಣದೆ, ನಮ್ಮ ಕಡೆ ಆನೆ ಇಲ್ಲ ಎಂದು ತಿಳಿಸಿದಳು.

ಆಳುಗಳು ಬಂದರು. ಆನೆ ಕೆರೆಯ ಮಗ್ಗುಲಿನ ಪೊದೆಯಲ್ಲೇ ಇತ್ತು. ಅದು ಯಾರನ್ನೂ ಮುಟ್ಟಲಿಲ್ಲ. ಆದರೆ ಹೆದರಿ ಓಡುವಾಗ ಒಬ್ಬ ಹೆಂಗಸು ಬಿದ್ದು ಕೈ ಮುರಿದುಕೊಂಡಳು. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ದಾರಿಯುದ್ದಕ್ಕೂ ಅವಳು ನನಗೆ ಪುಣ್ಯ ಬರಲಿ ಎನ್ನುತ್ತಿದ್ದಳು.

ಗುಂಪಿನವರು ತಂಗಿಯನ್ನು ದೂರಲಿಲ್ಲ. ಅವಳೇ ತೋಟಕ್ಕೆ ಬರುವುದನ್ನು ನಿಲ್ಲಿಸಿದಳು. ತನ್ನ ಕಣ್ಣನ್ನು ನಂಬಿ ಇನ್ನು ಯಾರನ್ನೂ ಕೆಲಸಕ್ಕೆ ಕಳಿಸಲಾರೆ ಎಂದಳು. ಕಣ್ಣು ತೋರಿಸಲು ಚಿಕ್ಕಮಗಳೂರಿಗೆ ಹೊರಟಾಗ ಅವಳನ್ನು ಬಸ್ಸಿಗೆ ಬಿಡಲು ಹೋಗಿದ್ದೆ. ಅಲ್ಲಿ ನನ್ನಿಂದ ತಡೆಯಲಾಗಲಿಲ್ಲ. ಮಾಡಿದ್ದನ್ನೆಲ್ಲ ಹೇಳಿದೆ.

ಅವಳು ಕೈಚೀಲವನ್ನು ಕೆಳಗಿಟ್ಟಳು.

"ಲದ್ದಿ ಬಿಸಿ ಇತ್ತಾ ಅಣ್ಣ?"

"ಇತ್ತು."

ಬಸ್ಸು ಬಂತು. ಅವಳು ಹತ್ತಲಿಲ್ಲ.

"ಮೊದ್ಲು ಆ ಹೆಂಗಸಿನ ಮನೆಗೆ ಹೋಗಿ ಇದನ್ನೇ ಹೇಳು" ಎಂದಳು. "ನಾಳೆ ಬೆಳಿಗ್ಗೆ ತೋಟಕ್ಕೆ ಬರ್ತೀನಿ. ನಂಗಿಂತ ಮುಂಚೆ ಹೋಗ್ಬೇಡ."