ಕೊಳ್ಳುವವರ ಕನ್ನಡಕ

ಇಂಟರ್ನೆಟ್ ಅಂದರೇನು ಅಂತ ಜನ ಇನ್ನೂ ಕೇಳುತ್ತಿದ್ದ ಕಾಲ. ತಲೆಗೆ ಹಾಕಿಕೊಂಡರೆ ಬೇರೆಯದೇ ಲೋಕ ಕಾಣಿಸುವ ಕನ್ನಡಕ ಮಾರಲು ನಾನೂ ನಮ್ಮ ಮ್ಯಾನೇಜರೂ ಮುಳಬಾಗಿಲಿನ ಒಂದು ಛತ್ರದಲ್ಲಿ ಮೇಜು ಹಾಕಿದ್ದೆವು. ಎರಡು ಬಗೆ ಇದ್ದವು. ದುಬಾರಿಯದರಲ್ಲಿ ಎಲ್ಲ ನಿಚ್ಚಳ. ಅಗ್ಗದ್ದರಲ್ಲಿ ತಲೆ ತಿರುಗಿಸಿದ ಮೇಲೆ ಚಿತ್ರ ತಡವಾಗಿ ಎಳೆದಾಡಿಕೊಂಡು ಬಂದು, ನೋಡುವವರಿಗೆ ತಲೆಸುತ್ತು ಬರುತ್ತಿತ್ತು.

ಯಲ್ದೂರಿನಿಂದ ಬಸ್ಸು ಹಿಡಿದು ಒಬ್ಬ ಟೀಚರಮ್ಮ ಬಂದರು. "ಶಾಲೆಗೊಂದು ಕೊಳ್ಳೋಣ ಅಂತ ಊರವರನ್ನ ಒಪ್ಪಿಸಿದ್ದೀನಿ. ನಮ್ಮ ಮಕ್ಕಳು ಚಂದ್ರನ ಮೇಲೆ ಓಡಾಡ್ಬೇಕು" ಅಂದರು. ಮ್ಯಾನೇಜರು ಅವರ ಹವಾಯಿ ಚಪ್ಪಲಿ ನೋಡಿ ಅಗ್ಗದ್ದನ್ನೇ ತೊಡಿಸಿದರು. ಸ್ವಲ್ಪ ಹೊತ್ತಿಗೆ ಆಕೆ ಅಲ್ಲೇ ವಾಂತಿ ಮಾಡಿಕೊಂಡರು. ಸುತ್ತ ನಿಂತವರು ನಕ್ಕರು.

"ಸಾರ್, ಇನ್ನೊಂದನ್ನ ತೋರಿಸೋಣ" ಅಂದೆ.

"ಅದು ಕೊಳ್ಳೋರಿಗೆ ಕಣೋ" ಅಂದರು ಮ್ಯಾನೇಜರು.

ಟೀಚರಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಬಿಡಪ್ಪಾ, ಬಿಡು ನಾಯನಾ, ನನ್ನ ಕಣ್ಣೇ ಸರಿಯಿಲ್ಲ" ಅಂತ ನನಗೇ ಸಮಾಧಾನ ಹೇಳಿ ಹೊರಟುಹೋದರು. ಆಮೇಲೆ ಬಂದ ವಕೀಲರೊಬ್ಬರು ದುಬಾರಿಯದನ್ನು ತೊಟ್ಟು ಮನಸಾರೆ ನೋಡಿದರು, ನಾವು ತರಿಸಿದ ಟೀ ಕುಡಿದರು, ಕೊಳ್ಳದೆ ನಡೆದರು.

ಸಂಜೆ ಮ್ಯಾನೇಜರು ಎಸ್‌ಟಿಡಿ ಬೂತಿನಿಂದ ಹೆಡ್ಡಾಫೀಸಿಗೆ ಹೇಳಿದರು: "ಈ ಕಡೆ ಜನ ಇನ್ನೂ ಮುಂದುವರಿದಿಲ್ಲ ಸಾರ್." ಅಲ್ಲಿಗೆ ಆ ವ್ಯಾಪಾರ ಮುಗಿಯಿತು. ಜನಕ್ಕೆ ಯಾವ ಕನ್ನಡಕ ತೋರಿಸಿದಿರಿ ಅಂತ ಹೆಡ್ಡಾಫೀಸಿನವರು ಕೇಳಿದ ಹಾಗಿಲ್ಲ.